ಕೂತ ಅಳತೆ

ನಮ್ಮೂರಿನಲ್ಲಿ ಒಗೆದ ಬಟ್ಟೆಗಳು ತಂತಿಯ ಮೇಲೆ ಜೋತು ಬೀಳುವುದಿಲ್ಲ, ನಿಲ್ಲುತ್ತವೆ. ಯಾರನ್ನು ಅಳೆದು ಹೊಲಿದದ್ದೋ ಅವರು ಅಳತೆ ಕೊಡುವಾಗ ಹೇಗೆ ನಿಂತಿದ್ದರೋ ಹಾಗೆಯೇ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ನಮ್ಮ ಬೀದಿಯ ಮಹಡಿಗಳತ್ತ ಕಣ್ಣು ಹಾಯಿಸಿದರೆ, ಅಂಚೆಯವರ ಖಾಕಿ ಅಂಗಿ ಒಂದು ಭುಜ ಇಳಿಸಿಕೊಂಡು, ಹೈಸ್ಕೂಲಿನ ಹೆಡ್ ಮೇಡಂ ರವಿಕೆ ಎದೆ ಸೆಟೆದುಕೊಂಡು, ಮೂಲೆಮನೆಯ ಹೊಸ ಮದುಮಗನ ಶರ್ಟು ನಾಚಿಕೊಂಡು ನಿಂತಿರುತ್ತವೆ. ನಮ್ಮಜ್ಜ ತೀರಿಕೊಂಡು ಒಂಬತ್ತು ವರ್ಷವಾದರೂ ಅವರ ಜುಬ್ಬ ವರ್ಷಕ್ಕೊಮ್ಮೆ ನೀರು ಕಂಡು, ಒಂದು ತೋಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಿಸಿಲು ಕಾಯಿಸುತ್ತದೆ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ವಾರ ಬೆಚ್ಚಿ ಬೀಳುತ್ತಾರೆ. ಎರಡನೇ ವಾರ ಮಾವನ ಅಂಗಿಯ ಮುಂದೆ ಸೆರಗು ಹೊದ್ದು ಓಡಾಡುತ್ತಾರೆ. ಮೂರನೇ ವಾರ, ಮಾವನಿಗೆ ಹೇಳಲಾಗದ್ದನ್ನೆಲ್ಲ ಆ ಅಂಗಿಗೇ ಹೇಳಿ ಹಗುರಾಗುತ್ತಾರೆ.

ತೊಟ್ಟುಕೊಂಡ ಮೇಲೂ ಬಟ್ಟೆ ತನ್ನ ನಿಲುವನ್ನು ಮರೆಯುವುದಿಲ್ಲ. ಮೈಯನ್ನು ಮೆಲ್ಲಗೆ ಅತ್ತಲೇ ಎಳೆಯುತ್ತಿರುತ್ತದೆ. ಅದಕ್ಕೇ ದರ್ಜಿಯವರ ಅಂಗಡಿಗಳ ಮುಂದೆ ಎರಡು ಮೆಟ್ಟಿಲು ಎತ್ತರದಲ್ಲಿ ಒಂದು ಅಳತೆಗಲ್ಲು ಇರುತ್ತದೆ. ಅದರ ಮೇಲೆ ಹತ್ತಿದವರಿಗೆಲ್ಲ ಮೊದಲು ಹೇಳುವ ಮಾತು ಒಂದೇ: "ನೆಟ್ಟಗೆ ನಿಂತ್ಕೊಳ್ಳಿ." ಹಿಂದೊಮ್ಮೆ ಒಬ್ಬ ವರ ಅಳತೆ ಕೊಡುವಾಗ ಎದುರು ಮನೆಯ ಕಿಟಕಿ ನೋಡುತ್ತಿದ್ದನಂತೆ. ಧಾರೆಯ ಹೊತ್ತಿಗೆ ಕೋಟು ಅವನನ್ನು ಎಡಕ್ಕೆ, ಎಡಕ್ಕೆ ತಿರುಗಿಸಿ, ತಾಳಿ ಕಟ್ಟುವಾಗ ಪುರೋಹಿತರೇ ಅವನ ಗಲ್ಲ ಹಿಡಿದು ನೇರ ಮಾಡಬೇಕಾಯಿತಂತೆ. ಇದು ನಮ್ಮಜ್ಜಿ ಹೇಳಿದ ಕಥೆ. ನಾನು ಬೆಳೆದದ್ದು ಅಜ್ಜಿಯ ಕಥೆಗಳಲ್ಲಿ. ಊಟ ಮಾಡಿದ್ದು ಅಷ್ಟಕ್ಕಷ್ಟೇ.

ಅಜ್ಜಿ ನನ್ನ ತಲೆ ಬಾಚುವಾಗಲೆಲ್ಲ ಹೇಳುತ್ತಿದ್ದ ಇನ್ನೊಂದು ಕಥೆಯಿತ್ತು. ಒಂದೂರಲ್ಲಿ ಒಬ್ಬ ಹುಡುಗಿ. ಅವಳ ಕಾಲನ್ನು ಒಂದು ನೇರಳೆ ಮರ ಇಸ್ಕೊಂಡುಬಿಟ್ಟಿತ್ತು. ಅವಳಮ್ಮ ಅವಳಿಗೆ ನಿಂತಿರುವ ಲಂಗವನ್ನೇ ಹೊಲಿಸಿ ಹೊಲಿಸಿ ತೊಡಿಸಿದಳು. ಒಂದು ದಿನ ಬೆಳಗಾಗುವಾಗ ಲಂಗ ಎದ್ದು ನಿಂತಿತು. ಲಂಗದೊಳಗಿದ್ದ ಹುಡುಗಿಯೂ ಎದ್ದಳು. ಇಬ್ಬರೂ ಬಾವಿಗೆ ಹೋಗಿ ನೀರು ತಂದರು. "ಆಮೇಲೆ?" ಎಂದರೆ ಅಜ್ಜಿ ಬಾಚಣಿಗೆಯ ಕೂದಲು ಬಿಡಿಸುತ್ತ, "ಆಮೇಲೇನು, ನೀರು ಬಂತಲ್ಲ, ಸ್ನಾನ ಮಾಡಿದ್ರು" ಎನ್ನುತ್ತಿದ್ದಳು.

ನಮ್ಮ ದೊಡ್ಡಮ್ಮ ವನಮಾಲಾ, ಅಂದರೆ ಅಮ್ಮನ ಅಕ್ಕ, ಗಾಲಿಕುರ್ಚಿಯಲ್ಲಿ ಕೂತು ಇಡೀ ಬೀದಿಯ ಇಸ್ತ್ರಿಪೆಟ್ಟಿಗೆಗಳನ್ನೂ ಹೊಲಿಗೆ ಯಂತ್ರದ ಮೋಟಾರುಗಳನ್ನೂ ರಿಪೇರಿ ಮಾಡುತ್ತಾಳೆ. ಹದಿನಾಲ್ಕನೇ ವಯಸ್ಸಿನಲ್ಲಿ ಮರದಿಂದ ಬಿದ್ದವಳು, ಈಗ ನಲವತ್ತೈದು. ಸೊಂಟದಿಂದ ಕೆಳಗೆ ಅವಳಿಗೆ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ. ಕುರ್ಚಿ ಅಳತೆಗಲ್ಲು ಹತ್ತುವುದಿಲ್ಲವಾದ್ದರಿಂದ ಅವಳ ಬಟ್ಟೆಗೆಲ್ಲ ಅಳತೆ ಕೊಟ್ಟದ್ದು ನನ್ನಮ್ಮ. ಇಬ್ಬರದೂ ಒಂದೇ ಮೈಕಟ್ಟು. ಅಮ್ಮನೋ, ಒಲೆ ಮೇಲೆ ಹಾಲಿಟ್ಟು ಬಂದವಳ ಹಾಗೆ ಒಂದು ಹಿಮ್ಮಡಿ ಎತ್ತಿಕೊಂಡೇ ನಿಲ್ಲುವವಳು. ಹೀಗಾಗಿ ನಮ್ಮ ಮನೆಯ ತಂತಿಯ ಮೇಲೆ ಇಬ್ಬರು ಅಮ್ಮಂದಿರು ಅವಸರದಲ್ಲಿ ನಿಂತಿರುತ್ತಿದ್ದರು. ಚಿಕ್ಕವಳಿದ್ದಾಗ ನಾನು ದೊಡ್ಡಮ್ಮನ ಬಟ್ಟೆ ಯಾವುದೆಂದು ಹುಡುಕಿ ಹುಡುಕಿ ಸೋತಿದ್ದೆ.

ನಿಂತವರ ಬಟ್ಟೆ ಕೂತವರ ಮೇಲೆ ಏನು ಮಾಡುತ್ತದೆ ಎನ್ನುವುದು ನಮಗೆ ಮನೆಮಾತು. ಲಂಗದ ಹಿಂಭಾಗ ಜಾರಿ ಬೆನ್ನು ಬಯಲಾಗುತ್ತದೆ, ಮುಂಭಾಗ ಮಡಿಲಲ್ಲಿ ಗಂಟಾಗುತ್ತದೆ, ನೆರಿಗೆಯೆಲ್ಲ ತೊಡೆಯ ಕೆಳಗೆ ಸೇರಿ ಹಗ್ಗವಾಗುತ್ತದೆ. ಸೀರೆಗೆ ಅಳತೆಯಿಲ್ಲ, ಎಳೆಯುವುದೂ ಇಲ್ಲ. ಆದರೆ ಸೆರಗು ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಲಂಗ ದಿನವಿಡೀ ಏಳು, ಏಳು ಎಂದು ಎಳೆದೂ ಎಳೆದೂ ಚರ್ಮ ಉಜ್ಜುತ್ತದೆ. ನೋವು ಗೊತ್ತಾಗದ ಕಡೆ ಹುಣ್ಣು ಸದ್ದಿಲ್ಲದೆ ಬರುತ್ತದೆ. ಸಂಜೆ ಸಂಜೆ ಕೈಗನ್ನಡಿ ಹಿಡಿದು ದೊಡ್ಡಮ್ಮನ ಹಿಂಭಾಗ ನೋಡುವುದು ನನ್ನ ಕೆಲಸ. ಕೆಂಪಗಿದ್ದರೆ ಮಾರನೆಯ ದಿನ ಅವಳು ಕೂರುವಂತಿಲ್ಲ. ಹೋದ ವರ್ಷ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿಬಂದದ್ದಕ್ಕೆ ಮೂರು ತಿಂಗಳು ಬೋರಲು ಮಲಗಿದ್ದಳು. ಮಲಗಿಕೊಂಡೇ ಎರಡು ಇಸ್ತ್ರಿಪೆಟ್ಟಿಗೆ ಬಿಚ್ಚಿದಳೆನ್ನುವುದು ಬೇರೆ ಮಾತು. "ಇನ್ನೊಂದು ಸಲ ಹೀಗಾದರೆ ಪ್ರಯಾಣದ ಆಸೆ ಬಿಟ್ಟುಬಿಡಿ" ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಆಗ ಬಂತು ಜುಬೇದಾ ಅವರ ಕಾಗದ. ಜುಬೇದಾ ಮತ್ತು ದೊಡ್ಡಮ್ಮ ಆಸ್ಪತ್ರೆಯಲ್ಲಿ ಏಳು ತಿಂಗಳು ಅಕ್ಕಪಕ್ಕದ ಮಂಚದಲ್ಲಿದ್ದವರು. ಒಬ್ಬಳು ಮರದಿಂದ, ಇನ್ನೊಬ್ಬಳು ಮಹಡಿಯಿಂದ. ಇಬ್ಬರೂ ಜೊತೆಯಾಗಿ ಸಮುದ್ರ ನೋಡಬೇಕೆಂದು ಅಲ್ಲೇ ಮಾತಾಗಿತ್ತು. ಜುಬೇದಾ ಮದುವೆಯಾಗಿ ಸಮುದ್ರದ ಊರಿಗೇ ಹೋದರು. ಮೂವತ್ತೊಂದು ವರ್ಷ ಕಾಗದದಲ್ಲೇ ಜಗಳ, ಕಾಗದದಲ್ಲೇ ರಾಜಿ. ಈಗ ಬರೆದಿದ್ದರು: "ವನೂ, ಇಲ್ಲಿ ಮರಳಿನ ಮೇಲೆ ನೀರಿನ ತನಕ ಹಲಗೆ ದಾರಿ ಹಾಕವ್ರೆ. ನನ್ನ ಗಾಡಿ ಹೋಯ್ತು, ಅಲೆ ಬಂದು ಪಾದ ತೊಳೀತು. ನಂಗೆ ಗೊತ್ತಾಗ್ಲಿಲ್ಲ, ಕಣ್ಣಿಗೆ ಗೊತ್ತಾಯ್ತು. ಮಳೆಗಾಲಕ್ಕೆ ಮುಂಚೆ ಹಲಗೆ ಕಿತ್ತುಬಿಡ್ತಾರಂತೆ. ಈ ಸಲ ಬರ್ಲಿಲ್ಲ ಅಂದ್ರೆ ನಾನು ಕಾಗದ ಬರೆಯೋದೇ ನಿಲ್ಲಿಸ್ತೀನಿ, ಅಲ್ಲಾನಾಣೆ."

ರೈಲು ಹಗಲಿನದು, ಕೂರುವ ಸೀಟಿನದು, ಹತ್ತು ಗಂಟೆ. ದೊಡ್ಡಮ್ಮ ಕಾಗದವನ್ನು ಸ್ಕ್ರೂಡ್ರೈವರ್ ಡಬ್ಬಿಯಲ್ಲಿಟ್ಟು, ನಾಲ್ಕು ದಿನ ಆ ಡಬ್ಬಿಯನ್ನು ಸುಮ್ಮಸುಮ್ಮನೆ ತೆರೆದಳು, ಮುಚ್ಚಿದಳು. ಐದನೇ ದಿನ ನನ್ನನ್ನು ಕರೆದಳು.

"ಮೇದಿನಿ, ನೀನು ನಾಗೋಜಿ ಹತ್ರ ಎರಡು ವರ್ಷದಿಂದ ಏನು ಕಲೀತಿದೀಯ?"

"ಕಾಜ ಮಾಡೋದು, ಅಂಚು ಮಡಿಸೋದು..."

"ಕನಸು ಕಾಣೋದು. ಅದು ಮೊದ್ಲೇ ಬರ್ತಿತ್ತು ಬಿಡು. ನಂಗೊಂದು ಬಟ್ಟೆ ಹೊಲೀತೀಯ? ಎಳೀದೇ ಇರೋದು."

ಮಾರನೆಯ ದಿನ ನಾನು ನಾಗೋಜಿ ಮಾಸ್ಟರ ಮುಂದೆ ನಿಂತು ವಿಷಯ ಹೇಳಿದೆ. ಅವರು ಐವತ್ತು ವರ್ಷದಿಂದ ಕತ್ತರಿ ಹಿಡಿದವರು. ಊರಿನ ಅರ್ಧ ಜನರ ನಿಲುವು ಅವರ ಪುಸ್ತಕದಲ್ಲಿದೆ. ಹಲ್ಲಿನಲ್ಲಿ ಕಚ್ಚಿದ್ದ ದಾರ ಉಗಿದು ಹೇಳಿದರು:

"ಕುಂತ ಅಳತೆ? ಆಗಕಿಲ್ಲ."

"ಯಾಕೆ ಮಾಸ್ಟರ್? ನಿಮ್ಮ ಇಸ್ತ್ರಿಪೆಟ್ಟಿಗೆಗೆ ಆರು ಸಲ ಜೀವ ಕೊಟ್ಟೋಳು ಕೂತ್ಕೊಂಡೇ ಅಲ್ವಾ ಕೊಟ್ಟಿದ್ದು?"

"ಏಳು ಸಲ. ಲೆಕ್ಕ ನಂಗೂ ಗೊತ್ತು, ಬಾಯಿ ಮುಚ್ಚು. ನಿಮ್ಮಜ್ಜಿ ನನ್ನ ಕೈಲಿ ಮಾತು ತಗೊಂಡವ್ರೆ. ಅವ್ರು ಆಗ್ಲಿ ಅನ್ನೋಗಂಟ ನಾನು ಕೈ ಹಾಕಕಿಲ್ಲ."

ಏನು ಮಾತು, ಯಾವಾಗ ತೆಗೆದುಕೊಂಡದ್ದು ಎಂದು ಕೇಳಿದರೆ ಬಾಯಿಬಿಡಲಿಲ್ಲ. ಮನೆಗೆ ಬಂದು ಅಜ್ಜಿಯ ಬಳಿ ಸುತ್ತಿ ಬಳಸಿ ವಿಷಯ ತೆಗೆದೆ. ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, "ಕೂತ ಅಳತೆ ತಗೊಂಡ್ರೆ ಅವ್ಳು ಕೂತೇ ಉಳೀತಾಳೆ" ಎಂದಳು. ಆಮೇಲೆ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕತೊಡಗಿದಳು. ನಾನು ಮೆಲ್ಲಗೆ ಎದ್ದು ಬಂದೆ.

ಆಗ ನನಗೊಂದು ಉಪಾಯ ಹೊಳೆಯಿತು. ದೊಡ್ಡಮ್ಮನನ್ನು ಕೂರಿಸಿ ಅಳೆಯಬಾರದು ತಾನೇ? ನಾನೇ ಕೂತು ಅಳತೆ ಕೊಟ್ಟರೆ? ನನ್ನದೂ ಅದೇ ಮೈಕಟ್ಟು. ಅಮ್ಮನ ನಿಲುವನ್ನು ಇಷ್ಟು ವರ್ಷ ಹೊತ್ತವಳಿಗೆ ನನ್ನ ಕೂರುವಿಕೆ ಭಾರವಾದೀತೇ? ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ದೊಡ್ಡಮ್ಮ ಮಂಚಕ್ಕೆ ದಾಟಿಕೊಂಡಳು, ನಾನು ಅವಳ ಕುರ್ಚಿಯಲ್ಲಿ ಕೂತೆ. ಟೇಪು ನಾನು ಹಿಡಿದೆ, ಅಂಕಿಗಳನ್ನು ಅವಳು ಬರೆದುಕೊಂಡಳು. ನಡುವೆ ಸೀಮೆಸುಣ್ಣ ತರಲು ಒಮ್ಮೆ ಎದ್ದೆ. ಕುಕ್ಕರ್ ಕೂಗಿತೆಂದು ಒಮ್ಮೆ ಎದ್ದೆ. ಬೀದಿಯಲ್ಲಿ ಸಂಪಿಗೆ ಮಾರುವವಳು ಬಂದಳೆಂದು ಇನ್ನೊಮ್ಮೆ. ಎರಡು ದಿನದಲ್ಲಿ ತಿಳಿಹಸಿರು ಪೈಜಾಮ ಸಿದ್ಧವಾಯಿತು.

ದೊಡ್ಡಮ್ಮನಿಗೆ ತೊಡಿಸಿದೆ. ಮೊದಲ ಐದು ನಿಮಿಷ ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೆ ಅಳು ಬಂತು. ಬೆನ್ನು ಮುಚ್ಚಿತ್ತು, ಮಡಿಲು ಸಮವಾಗಿತ್ತು. ದೊಡ್ಡಮ್ಮ ಕುರ್ಚಿಯನ್ನು ಹಜಾರದಲ್ಲಿ ಒಂದು ಸುತ್ತು ಹೊಡೆಸಿ, "ರೈಲು ಹೊರಡ್ತಪ್ಪಾ, ದಾರಿ ಬಿಡಿ" ಎಂದಳು. ಅಷ್ಟರಲ್ಲಿ ಪೈಜಾಮಕ್ಕೆ ಸೀಮೆಸುಣ್ಣ ನೆನಪಾಯಿತು. ಎರಡೂ ಮೊಣಕಾಲುಗಳು ಮುಂದಕ್ಕೆ ಚಿಮ್ಮಿದವು, ಸೊಂಟ ಸೀಟಿನ ಅಂಚಿಗೆ ಬಂತು. ನಾನು ಹಿಂದಕ್ಕೆ ಕೂರಿಸಿದೆ. ಎರಡು ನಿಮಿಷಕ್ಕೆ ಅದಕ್ಕೆ ಕುಕ್ಕರ್ ನೆನಪಾಯಿತು. ಸಂಪಿಗೆ ಮಾರುವವಳು ನೆನಪಾದಾಗ ಮಾತ್ರ ನಾನು ಅಲ್ಲಿರಲಿಲ್ಲ, ನೀರು ತರಲು ಹೋಗಿದ್ದೆ. ಧಡ್ ಎಂದು ಸದ್ದಾಯಿತು. ಓಡಿ ಬಂದರೆ ದೊಡ್ಡಮ್ಮ ನೆಲದ ಮೇಲೆ, ಒಂದು ಕೈ ಇನ್ನೂ ಗಾಲಿಯ ಮೇಲೆ. ಪೈಜಾಮ ಅವಳನ್ನು ಅಲ್ಲಿಂದಲೂ ಎಬ್ಬಿಸಲು ಹೆಣಗುತ್ತಿತ್ತು.

"ಪೆಟ್ಟಾಯ್ತಾ ದೊಡ್ಡಮ್ಮಾ?"

"ನೋಡಿ ಹೇಳ್ಬೇಕಾದೋಳು ನೀನು" ಎಂದು ನಕ್ಕಳು. "ಇದು ಕೂತಿರೋರ ಬಟ್ಟೆ ಅಲ್ಲ ಕಣೆ. ಬಸ್‌ಸ್ಟಾಂಡಲ್ಲಿ ಕಾಯ್ತಿರೋರ ಬಟ್ಟೆ. ಎದ್ದು ಹೋಗೋರು ಕೂರೋದೇ ಬೇರೆ, ನಾನು ಕೂರೋದೇ ಬೇರೆ."

ಅದು ನಿಜ. ಏಳಲು ಬರುವ ನಾವೆಲ್ಲ ಕೂತಾಗಲೂ ಒಳಗೊಳಗೇ ಎದ್ದಿರುತ್ತೇವೆ. ದೊಡ್ಡಮ್ಮ ಹಾಗಲ್ಲ, ಪೂರ್ತಿ ಕೂರುತ್ತಾಳೆ. ಅವಳ ಕೂರುವಿಕೆಯನ್ನು ಇನ್ನೊಬ್ಬರಿಂದ ಎರವಲು ತರಲಾಗುವುದಿಲ್ಲ.

ಸದ್ದಿಗೆ ಎದ್ದು ಬಂದ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲಿದ್ದ ಮಗಳನ್ನೂ, ಏಳು ಏಳೆಂದು ಒದ್ದಾಡುತ್ತಿದ್ದ ಪೈಜಾಮವನ್ನೂ ನೋಡಿದಳು. ಅವಳ ಮುಖ ನಾನು ಹಿಂದೆಂದೂ ಕಾಣದ ಬಣ್ಣಕ್ಕೆ ತಿರುಗಿತು. ನೇರಳೆ ಮರದ ಕಥೆಯ ಹುಡುಗಿ ಯಾರು, ಅವಳ ಅಮ್ಮ ಯಾರು ಎಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಇಪ್ಪತ್ತೆರಡು ವರ್ಷ ಕಥೆ ಕೇಳಿದವಳಿಗೆ ಅಷ್ಟೂ ತಿಳಿದಿರಲಿಲ್ಲ ನೋಡಿ.

ನಾವಿಬ್ಬರೂ ಸೇರಿ ದೊಡ್ಡಮ್ಮನನ್ನು ಮಂಚಕ್ಕೆ ಏರಿಸಿದೆವು. ಅಜ್ಜಿ ಅವಳ ಪಾದದ ಬಳಿ ಕೂತು, ಪೈಜಾಮದ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಯಾರಿಗೋ ಹೇಳುವಂತೆ ಹೇಳಿದಳು. "ಹದಿನಾಲ್ಕು ವರ್ಷದ ಹುಡುಗಿ. ಇನ್ನು ಏಳಲ್ಲ ಅಂದ್ರು ಡಾಕ್ಟ್ರು. ನಾನಂದ್ಕೊಂಡೆ, ಆ ಪುಣ್ಯಾತ್ಮನಿಗೇನು ಗೊತ್ತು ನಮ್ಮೂರ ಬಟ್ಟೆ ವಿಷಯ."

"ಗೊತ್ತು ಕಣಮ್ಮಾ" ಎಂದಳು ದೊಡ್ಡಮ್ಮ. "ನಿನ್ನ ಆಸೆ ಅಂತ್ಲೇ ಹಾಕ್ಕೊಂಡೆ. ಮೊದ್ಮೊದ್ಲು ನಂಗೂ ಆಸೆ ಇತ್ತು. ಆಮೇಲೆ ನಿಂಗೋಸ್ಕರ ಹಾಕ್ಕೊಂಡೆ. ಮೂವತ್ತೊಂದು ವರ್ಷದಿಂದ ದಿನಾ ಬೆಳಗಿಂದ ಸಂಜೆ ತನಕ ಏಳು ಅಂತ ಎಳೀತಾನೇ ಇದೆ. ಸುಸ್ತಾಗಿದೆ ಅಮ್ಮಾ. ಸಮುದ್ರದ ಮುಂದೆ ನಂಗೆ ನಿಂತ್ಕೋಬೇಕಾಗಿಲ್ಲ. ಕೂತ್ಕೊಂಡು ನೋಡ್ತೀನಿ."

ಅಜ್ಜಿ ಪೈಜಾಮ ಬಿಚ್ಚಿ, ಮಡಿಸಿ, ತಪ್ಪು ಮಾಡಿದ ಮಗುವನ್ನು ಮೂಲೆಗೆ ಕಳಿಸುವಂತೆ ಮೂಲೆಯಲ್ಲಿಟ್ಟಳು. ಸಂಜೆ ನಾನು ಕನ್ನಡಿ ಹಿಡಿದೆ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಜ್ಜಿ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ನನ್ನ ಟೇಪನ್ನು ಕೊರಳಿಗೆ ಹಾಕಿಕೊಂಡು ಹಜಾರದಲ್ಲಿ ಕೂತಿದ್ದಳು. ದೊಡ್ಡಮ್ಮ ಕುರ್ಚಿ ಉರುಳಿಸಿಕೊಂಡು ಬಂದಳು. ಅಜ್ಜಿ ಕಷ್ಟಪಟ್ಟು ನೆಲಕ್ಕಿಳಿದು, ಮಗಳ ಹಿಮ್ಮಡಿಯ ಹತ್ತಿರ ಟೇಪಿನ ಒಂದು ತುದಿ ಒತ್ತಿಹಿಡಿದು ತಲೆಯೆತ್ತಿದಳು.

"ಕೂತ್ಕೋ ಮಗಳೇ. ನೆಟ್ಟಗೆ ಬೇಡ. ನೀನು ಹೆಂಗೆ ಕೂತ್ಕೋತಿಯೋ ಹಂಗೆ."

ದೊಡ್ಡಮ್ಮ ಒಂದು ಉಸಿರು ಬಿಟ್ಟಳು. ಅವಳ ಭುಜಗಳು ಇಳಿದವು, ಎಡಗೈ ತಾನಾಗಿ ಮೊಣಕಾಲಿನ ಮೇಲೆ ಬಂತು, ತಲೆ ಸ್ವಲ್ಪ ಬಲಕ್ಕೆ ವಾಲಿತು. ಮೋಟಾರಿನ ಸದ್ದಿನಲ್ಲಿ ತಪ್ಪು ಎಲ್ಲಿದೆಯೆಂದು ಆಲಿಸುವಾಗ ಕೂರುತ್ತಾಳಲ್ಲ, ಹಾಗೆ. ನಾನು ಅಳೆದೆ. ಅಜ್ಜಿ ತುದಿ ಹಿಡಿದಳು. ಅಳತೆ ಮುಗಿಯುವವರೆಗೆ ಕುಕ್ಕರ್ ಒಂಬತ್ತು ಸಲ ಕೂಗಿತು, ಯಾರೂ ಏಳಲಿಲ್ಲ. ಅನ್ನ ತಳ ಹಿಡಿಯಿತು. ಅಮ್ಮ ಹೊರಗಿನಿಂದ ಬಂದು, "ಮನೇಲಿ ಮೂರು ಜನ ಇದ್ರೂ..." ಎಂದು ಶುರು ಮಾಡಿದವಳು ಟೇಪು ನೋಡಿ, ಚಪ್ಪಲಿ ಬಿಟ್ಟು, ಇಬ್ಬರ ಪಕ್ಕ ತಾನೂ ನೆಲದ ಮೇಲೆ ಕೂತಳು. ಅಮ್ಮ ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ನಾಗೋಜಿ ಮಾಸ್ಟರು ಅಳತೆಯ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಹಿಂದೆ ಹದಿನೇಳು, ಮುಂದೆ ಒಂಬತ್ತು. ಇದೇನು ಪೈಜಾಮನೋ, ಜಾರುಬಂಡೆನೋ?"

"ಕೂತ ಅಳತೆ ಮಾಸ್ಟರ್. ಅಜ್ಜೀನೇ ತುದಿ ಹಿಡಿದ್ರು."

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕತ್ತರಿಯನ್ನು ನನ್ನತ್ತ ತಳ್ಳಿ, ಬೆರಳಿಂದಲೇ ಬಟ್ಟೆಯ ಮೇಲೆ ಗೆರೆ ಎಳೆದರು. "ಕುಂತ ಜಾಗದಾಗೆ ಹೊಲಿಗೆ ಬರಬಾರ್ದು, ಜೇಬು ಬರಬಾರ್ದು. ಹೊಲಿಗೇನ ತೊಡೆ ಪಕ್ಕಕ್ಕೆ ತಳ್ಳು. ಲಾಡಿ ಬ್ಯಾಡ, ಪಕ್ಕದಾಗೆ ಟಿಚ್ ಬಟನ್. ಮಲ್ಕೊಂಡೇ ಹಾಕ್ಕೊಳ್ಳಂಗಿರ್ಲಿ. ಮೂತ್ರದ ಚೀಲಕ್ಕೆ ಕಾಲಿನ ಒಳಗಡೆ ಸಣ್ಣದೊಂದು ಜಿಪ್ಪು, ರೈಲಾಗೆ ಯಾರ್ಗೂ ಕಾಣಂಗಿಲ್ಲ. ಕುಪ್ಪಸದ ಕಂಕುಳಿಗೆ ಒಂದು ಚೌಕದ ತುಂಡು ಸೇರ್ಸು, ಗಾಲಿ ತಳ್ಳೋವಾಗ ಹಿಡೀಬಾರ್ದು. ತೋಳು ಮೊಣಕೈಗೆ ನಿಲ್ಸು."

"ಇದೆಲ್ಲ ನಿಮಗೆ ಮೊದ್ಲೇ ಗೊತ್ತಿತ್ತಾ ಮಾಸ್ಟರ್?"

"ಏಳು ಸಲ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡ್ಸೋಕೆ ಹೋಗಿದ್ನಲ್ಲ. ಕಣ್ಣು ಮುಚ್ಕೊಂಡು ಹೋಗಿದ್ನಾ?"

ಎರಡು ಜೊತೆ ಹೊಲಿದೆ. ಒಂದು ನೀಲಿ, ಒಂದು ದಾಸವಾಳದ ಕೆಂಪು. ಸೆರಗಿಲ್ಲದೆ ಹೋದರೆ ಫೋಟೋದಲ್ಲಿ ಬೋಳು ಬೋಳಾಗಿ ಕಾಣುತ್ತದೆಂದು ಅಮ್ಮ ರಗಳೆ ತೆಗೆದದ್ದರಿಂದ, ಗಾಲಿಗೆ ತಾಗದಷ್ಟು ಗಿಡ್ಡದ ಒಂದು ಸೆರಗನ್ನು ಕುಪ್ಪಸದ ಭುಜಕ್ಕೇ ಹೊಲಿದು ಸೇರಿಸಿದೆ.

ರೈಲಿನಲ್ಲಿ ದೊಡ್ಡಮ್ಮನ ಜೊತೆ ನಾನು ಹೋದೆ. ಅವಳು ಕಿಟಕಿಯ ಪಕ್ಕ, ತನ್ನ ಗಾಳಿದಿಂಬಿನ ಮೇಲೆ. ಚರ್ಮ ಒತ್ತಿ ಕೆಂಪಾಗದಿರಲೆಂದು ಅರ್ಧ ಗಂಟೆಗೊಮ್ಮೆ ಎರಡೂ ಕೈಯೂರಿ ಮೈಯನ್ನು ಮೇಲೆತ್ತಿ, ಒಂದು ನಿಮಿಷ ಎಣಿಸಿ ಇಳಿಸುತ್ತಿದ್ದಳು. ಕಂಕುಳಿನ ಚೌಕ ಒಮ್ಮೆಯೂ ಹಿಡಿಯಲಿಲ್ಲ. ಎದುರು ಸೀಟಿನ ಹೆಂಗಸು ಕಡಲೆಕಾಯಿ ಬಿಡಿಸುತ್ತ, "ಏನ್ರೀ, ವ್ಯಾಯಾಮನಾ?" ಎಂದಳು. "ಹ್ಞೂಂ ಕಣ್ರೀ, ಕುಸ್ತಿಗೆ ಹೋಗ್ತಿದೀನಿ" ಎಂದಳು ದೊಡ್ಡಮ್ಮ. ನಾನು ಹತ್ತು ಗಂಟೆಯೂ ಒಂದೇ ಯೋಚನೆಯಲ್ಲಿದ್ದೆ: ನೀಲಿ ಪೈಜಾಮದ ಕೆಳಗೆ ಏನಾಗುತ್ತಿದೆಯೋ, ಅವಳಿಗೂ ತಿಳಿಯದು, ನನಗೂ ತಿಳಿಯದು. ಬಟ್ಟೆ ಮಾತ್ರ ಸುಮ್ಮನಿತ್ತು. ಮಧ್ಯಾಹ್ನ ದೊಡ್ಡಮ್ಮನಿಗೆ ನಿದ್ದೆ ಬಂತು. ಹಗಲಲ್ಲಿ ಅವಳು ಕೂತಲ್ಲೇ ನಿದ್ದೆ ಮಾಡಿದ್ದನ್ನು ನಾನು ಮೊದಲ ಸಲ ಕಂಡೆ. ಯಾರೂ ಅವಳನ್ನು ಏಳು ಎನ್ನುತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಜುಬೇದಾ ತಮ್ಮ ಕುರ್ಚಿಯನ್ನು ನೇರ ತಂದು ದೊಡ್ಡಮ್ಮನ ಕುರ್ಚಿಗೆ ಡಿಕ್ಕಿ ಹೊಡೆಸಿದರು. "ಮೂವತ್ತೊಂದು ವರ್ಷ ತಗೊಂಡ್ಯಲ್ಲೇ, ಆಮೆ!" ಇಬ್ಬರೂ ಅಳುತ್ತ ನಗುತ್ತ ಗಾಲಿಗಳನ್ನು ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಜುಬೇದಾ ಮನೆ ತಲುಪಿದ್ದೇ ನಾನು ದೊಡ್ಡಮ್ಮನನ್ನು ಒಳಗೆ ಮಲಗಿಸಿ ಕನ್ನಡಿ ತೆಗೆದೆ. ನೋಡಿದೆ. ಒರೆಸಿ ಇನ್ನೊಮ್ಮೆ ನೋಡಿದೆ.

"ಹೇಳೇ" ಎಂದಳು ದೊಡ್ಡಮ್ಮ ದಿಂಬಿನೊಳಗಿಂದ.

"ಏನೂ ಇಲ್ಲ ದೊಡ್ಡಮ್ಮ. ನನ್ನ ಕೆನ್ನೆಗಿಂತ ಚೆನ್ನಾಗಿದೆ."

"ಥೂ, ಹೋಲಿಕೆ ನೋಡು ಇವ್ಳದು."

ಬೆಳಿಗ್ಗೆ ಅವರಿಬ್ಬರೂ ಹಲಗೆ ದಾರಿಯಲ್ಲಿ ಜೊತೆಯಾಗಿ ನೀರಿನ ತನಕ ಹೋದರು. ದೊಡ್ಡಮ್ಮ ಕೆಂಪು ಜೊತೆ ತೊಟ್ಟಿದ್ದಳು. ನಾನು ಜುಬೇದಾ ಮನೆಯ ಹಿತ್ತಲಿನಲ್ಲಿ ನೀಲಿ ಜೊತೆಯನ್ನು ಒಗೆದು ಹಾಕಿದೆ. ಆ ಊರಿನ ಬಟ್ಟೆಗಳು ಪಾಪ, ಸುಮ್ಮನೆ ಜೋತಾಡುತ್ತಿದ್ದವು. ಅವುಗಳ ನಡುವೆ ದೊಡ್ಡಮ್ಮನ ನೀಲಿ ಕುಪ್ಪಸ ಮತ್ತು ಪೈಜಾಮ ಮೆಲ್ಲಗೆ ಗಾಳಿ ತುಂಬಿಕೊಂಡು, ಮೊಣಕಾಲು ಮಡಿಸಿ, ಒಂದು ತೋಳನ್ನು ತೊಡೆಯ ಮೇಲೆ ಇಳಿಬಿಟ್ಟು, ಸ್ವಲ್ಪ ಬಲಕ್ಕೆ ವಾಲಿ ಕೂತವು. ಎಲ್ಲಿ ಕಂಡರೂ ಇದು ದೊಡ್ಡಮ್ಮನದೇ ಎನ್ನುವಂತೆ. ಚಿಕ್ಕಂದಿನಿಂದ ನಾನು ಹುಡುಕುತ್ತಿದ್ದ ಬಟ್ಟೆ ಅದು.

ಅಜ್ಜಿಗೆ ಫೋನ್ ಮಾಡಿದೆ. ಅವಳು ಸಮುದ್ರದ ವಿಷಯ ಕೇಳಲಿಲ್ಲ.

"ಕೆಂಪಗಾಗಿದ್ಯಾ?"

"ಇಲ್ಲ ಅಜ್ಜಿ. ಸ್ವಲ್ಪಾನೂ ಇಲ್ಲ."

ಆಮೇಲೆ, "ಬಟ್ಟೆ ಒಗೆದ್ಯಾ?"

"ಒಗೆದೆ. ತಂತಿ ಮೇಲಿದೆ."

"ಏನ್ಮಾಡ್ತಿದೆ?"

"ಕೂತಿದೆ ಅಜ್ಜಿ. ಸಮುದ್ರದ ಕಡೆ ಮುಖ ಮಾಡ್ಕೊಂಡು ಕೂತಿದೆ."

ಅಜ್ಜಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಒಣಗಿತು ಅಂತ ತಕ್ಷಣ ತೆಗೀಬೇಡ" ಎಂದಳು. "ಇನ್ನೂ ಸ್ವಲ್ಪ ಹೊತ್ತು ಕೂತಿರ್ಲಿ."